ಪಿನ್ನಿನಡಿ ಒಂದು ರಟ್ಟಿನ ಚೂರು

ಕೊಯಮತ್ತೂರಿನ ಗಾಂಧಿಪುರಂನಲ್ಲಿ ಬಸ್ಸಿಳಿದು, ಕೈಕೊಟ್ಟ ಫೋನನ್ನು ರಿಪೇರಿಗೆ ಕೊಟ್ಟು, ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದೆ. ಅಂಗಡಿಯಾತ ಬೆಸುಗೆ ಕಡ್ಡಿಯನ್ನು ಡಬ್ಬಿಯೊಳಗಿನ ಹಳದಿ ರಾಳಕ್ಕೆ ಅದ್ದಿ ಫೋನಿನ ಹೊಟ್ಟೆಗೆ ತಾಗಿಸಿದ. ಸುಯ್ಯೆಂದು ಬಿಳಿ ಹೊಗೆಯೆದ್ದು ನನ್ನ ಮೂಗಿಗೆ ಬಂತು. ಸಾಂಬ್ರಾಣಿಯಂತೆ ಶುರುವಾಗಿ ಸುಟ್ಟ ತಗಡಿನಂತೆ ಮುಗಿಯುವ ವಾಸನೆ.

ನಾನು ಅಲ್ಲಿಂದ ಪೀಳಮೇಡಿಗೆ ಹೋಗಬೇಕಿತ್ತು. ನನ್ನ ತಂಗಿ ಅಂಬಿ ಅಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಸದ್ದು ಮಾಡುವ ಪೆಟ್ಟಿಗೆಗಳನ್ನು ತಯಾರಿಸುತ್ತಾಳೆ. ಹೊಸ ಮಾದರಿಯ ಪೆಟ್ಟಿಗೆ ಮುಗಿದಾಗಲೆಲ್ಲ ಅದನ್ನು ಮೊದಲು ನಾನು ಮುಟ್ಟಬೇಕು, ಅಕ್ಕನ ಕೈ ತಾಗಿದರೆ ಮಾತ್ರ ಅದು ಸರಿಯಾಗಿ ಹಾಡುತ್ತದೆ ಎಂದು ಅವಳ ನಂಬಿಕೆ. ಪ್ರತಿ ಸಲವೂ ಹೋಗಿ ಮುಟ್ಟಿ, ಅವಳು ಕೊಡಿಸುವ ಬಿಸಿ ಬೋಂಡಾ ತಿಂದು ಅವಿನಾಶಿಗೆ ವಾಪಸಾಗುತ್ತೇನೆ. ಆ ನಂಬಿಕೆ ಹುಟ್ಟಿದ ಆಡಿ ತಿಂಗಳಲ್ಲಿ, ತಮಿಳರ ಆಷಾಢದಲ್ಲಿ, ನಾನು ಏನು ಮಾಡಿದ್ದೆ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಆ ಹೊಗೆ ಮೂಗಿಗೆ ಹತ್ತಿದಾಗ, ಇವತ್ತು ಬೋಂಡಾ ತಿನ್ನುವ ಮೊದಲು ಹೇಳಿಬಿಡಬೇಕು ಅನ್ನಿಸಿತು.

ಆ ವರ್ಷ ಕೂಲಿಯ ಮಾತುಕತೆ ಮುರಿದುಬಿದ್ದು ನಮ್ಮ ಕಡೆಯ ಪವರ್‌ಲೂಮುಗಳೆಲ್ಲ ನಿಂತಿದ್ದವು. ಕರುಮತ್ತಂಪಟ್ಟಿಯ ಹತ್ತಿರದ ನಮ್ಮ ಬೀದಿಯಲ್ಲಿ ಮನೆಗೊಂದು ಶೆಡ್ಡು, ಶೆಡ್ಡಿನ ತುಂಬ ಮಗ್ಗ. ನಾವು ಮನೆಯಲ್ಲಿ ಕನ್ನಡ ಆಡುವ ನೇಕಾರರು; ಹೊಸಿಲು ದಾಟಿದರೆ ತಮಿಳು. ಶೆಡ್ಡಿನೊಳಗೆ ಎರಡೂ ನಡೆಯುವುದಿಲ್ಲ, ಆ ಸದ್ದಿನಲ್ಲಿ ಕೈಸನ್ನೆಯೇ ಭಾಷೆ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಟಕಟಕ ಒಂದು ಬೆಳಿಗ್ಗೆ ನಿಂತುಹೋಯಿತು. ಆಗ ಗೊತ್ತಾಯಿತು, ನಮ್ಮ ಬೀದಿಯವರೆಲ್ಲ ಮಾತಾಡುತ್ತಿರಲಿಲ್ಲ, ಅರಚುತ್ತಿದ್ದರು ಎಂದು. ಗಂಡಹೆಂಡಿರ ಗುಟ್ಟು ಮೂರನೇ ಮನೆಗೆ ಕೇಳಿಸತೊಡಗಿತು. ಮುದುಕರು ಮೊದಲುಗೊಂಡು ಎಲ್ಲರೂ ಪಿಸುಗುಟ್ಟುವುದನ್ನು ಹೊಸದಾಗಿ ಕಲಿಯಬೇಕಾಯಿತು.

ಇನ್ನೊಂದು ತೊಂದರೆ ನಮ್ಮ ಅಜ್ಜಿಯದು. ಮಗ್ಗ ನಿಂತ ದಿನದಿಂದ ಅವಳಿಗೆ ಮಧ್ಯಾಹ್ನದ ನಿದ್ದೆ ಬರಲಿಲ್ಲ. ಊಟ ಮಾಡಿ ಜಗಲಿಯ ಮೇಲೆ ಚಾಪೆ ಹಾಸಿ ಮಲಗುವಳು, ಹೊರಳುವಳು, ಎದ್ದು ಕೂತು ಯಾರನ್ನಾದರೂ ಬೈಯುವಳು.

ಹೊರಗೆ ಆಡಿಯ ಗಾಳಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಆ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಬಿಸಿಲೂ ತುಂತುರೂ ಒಟ್ಟಿಗೇ ಇರುತ್ತಿದ್ದವು. ಕೆಲಸವಿಲ್ಲದ ನಮಗೆ ಅದು ಹಬ್ಬದ ಹಾಗೆಯೇ ಇತ್ತು ಎಂದರೆ ತಪ್ಪಾಗಬಹುದು, ಆದರೆ ಹಾಗೆಯೇ ಇತ್ತು. ಅಮ್ಮ ಹೋದ ಮೇಲೆ ಏಳನೇ ತರಗತಿಗೆ ಶಾಲೆ ಬಿಟ್ಟು ನೂಲು ಸುತ್ತಲು ಕೂತವಳು ನಾನು. ಅಂದಿನಿಂದ ಹಗಲು ಹೊತ್ತಿನಲ್ಲಿ ಅಂಬಿಯ ಪಕ್ಕದಲ್ಲಿ ಸುಮ್ಮನೆ ಕೂತದ್ದು ಆ ತಿಂಗಳೇ ಮೊದಲು.

ಅವಳು ಆಗಷ್ಟೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಳು. ಉಕ್ಕಡಂನ ಗುಜರಿಯಿಂದ ತಂದ ಬೋರ್ಡು, ಗುಂಡಿ, ತಂತಿಗಳನ್ನು ಪ್ಲೈವುಡ್ ಪೆಟ್ಟಿಗೆಯೊಂದರಲ್ಲಿ ಜೋಡಿಸಿ ಅದನ್ನು ಸಿಂಥಸೈಜರ್ ಎನ್ನುತ್ತಿದ್ದಳು. ಅದರೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಹಲಗೆ. ಒಂದು ಸದ್ದು ಹುಟ್ಟಿಸುತ್ತದೆ, ಒಂದು ಅದನ್ನು ತಿದ್ದುತ್ತದೆ, ಇನ್ನೊಂದು ಹೊರಗೆ ಬಿಡುತ್ತದೆ. ಯಾವುದರಿಂದ ಯಾವುದಕ್ಕೆ ತಂತಿ ಚುಚ್ಚುತ್ತೀಯೋ ಹಾಗೆ ಅದು ಹಾಡುತ್ತದೆ. ಬೆಸುಗೆಯ ಹೊಗೆ ಮನೆಯೆಲ್ಲ ತುಂಬಿ ಅಪ್ಪನ ಬನಿಯನ್ನಿಗೂ ಅದೇ ವಾಸನೆ ಬಂದಿತ್ತು.

"ಏನ್ ಪುಳ್ಳೆ ಅದು, ಬಾಲ ತುಳಿಸ್ಕೊಂಡ ಬೆಕ್ಕಂಗೆ ಕೂಗ್ತದೆ?" ಅಜ್ಜಿ ಕೇಳಿದಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದಲೂ ಬೈಗುಳದಲ್ಲೂ ಪುಳ್ಳೆ ಎಂದೇ ಕರೆಯುವುದು.

"ಬೆಕ್ಕಲ್ಲ ಅಜ್ಜೀ, ಪಾಟು, ಹಾಡು. ಇದ್ರಲ್ಲಿ ಎರಡು ಥರ ಸನ್ನೆ ಉಂಟು. ಒಂದು ಟ್ರಿಗರು. ಸುಮ್ನೆ ಒಂದು ತಟ್ಟು ಅಷ್ಟೇ. ತಟ್ಟಿ ಮುಗೀತು, ಮಿಕ್ಕಿದ್ದು ಅದರ ಪಾಡಿಗೆ ಆಗ್ತದೆ. ಇನ್ನೊಂದು ಗೇಟು. ಎಷ್ಟೊತ್ತು ಹಿಡ್ಕೊಂಡಿರ್ತೀವೋ ಅಷ್ಟೊತ್ತು ಬಾಗ್ಲು ತೆಗ್ದಿರ್ತದೆ. ಬಿಟ್ರೆ ಮುಚ್ಕೊಳ್ತದೆ."

ಅಜ್ಜಿ ವಯಸ್ಸಿನಲ್ಲಿ ಗುಣಿಮಗ್ಗದಲ್ಲಿ ಸೀರೆ ನೇಯ್ದವಳು. ಸ್ವಲ್ಪ ಹೊತ್ತು ಎಲೆಅಡಿಕೆ ಅಗಿದಳು. "ಲಾಳಿ ಹೊಡೆಯೋದು ಟ್ರಿಗರು. ಕಾಲ್ಮಣೆ ತುಳ್ಕೊಂಡಿರೋದು ಗೇಟು."

"ಅದೇ ಅಜ್ಜೀ."

"ಹಂಗಂದ್ರೆ ನಿಮ್ಮಪ್ಪ ಟ್ರಿಗರು. ಒಂದ್ಸಲ ಅರಚ್ತಾನೆ, ಮರ್ತೋಗ್ತಾನೆ. ನಿಮ್ಮ ತಾತ ಗೇಟು. ಬಾಯಿ ತೆಗೆದ್ರೆ ಮುಚ್ಚೋ ತನಕ ನಮಗೆ ಊಟ ಇಲ್ಲ."

ಒಳಗಿನಿಂದ ಅಪ್ಪ ಕೂಗಿದರು. "ನನ್ ಹೆಸರು ಯಾಕ್ ಬಂತು ಅಲ್ಲಿ?"

"ನೋಡು, ತಟ್ಟಿದ್ದಕ್ಕೆ ಸದ್ದು ಬಂತು," ಎಂದಳು ಅಜ್ಜಿ.

ಅಂಬಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅಕ್ಕ ಏನಜ್ಜೀ?"

"ನಾಗುನಾ? ಅವಳು ಗೇಟೇ. ಹಿಡ್ಕೊಂಡಿದ್ದು ಬಿಡೋಳಲ್ಲ."

ಮರುದಿನ ಅಂಬಿ ಅಜ್ಜಿಗಾಗಿಯೇ ಒಂದು ಜೋಡಣೆ ಮಾಡಿದಳು. ಒಂದು ಹಲಗೆ ಹೊತ್ತು ತಪ್ಪದೆ ತಟ್ಟುತ್ತಿತ್ತು, ಇನ್ನೊಂದು ಆ ತಟ್ಟಿಗೆ ಮಗ್ಗದ ಸದ್ದನ್ನು ಕೊಡುತ್ತಿತ್ತು. ಊಟವಾದ ಮೇಲೆ ಜಗಲಿಯ ಮೇಲೆ ಪೆಟ್ಟಿಗೆ ಇಟ್ಟು ಶುರು ಮಾಡಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡೇ ತಕರಾರು ತೆಗೆದಳು.

"ಇದು ನಮ್ ತರಿ ಅಲ್ಲ. ಅವಸರ ಮಾಡ್ತದೆ. ಇದು ಎದುರು ಮನೆ ಕಾಳಿಯಪ್ಪನ ತರಿ." ತರಿ ಎಂದರೆ ನಮ್ಮ ಮಾತಿನಲ್ಲಿ ಮಗ್ಗ.

ಅಂಬಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು.

"ಇನ್ನೂ ಸ್ವಲ್ಪ... ಹಾಂ. ಲಾಳಿ ಬಲಗಡೆ ಸ್ವಲ್ಪ ಜೋರಾಗಿ ಬಡೀಬೇಕು. ನಿಮ್ಮಪ್ಪ ಅದನ್ನ ಸರಿ ಮಾಡಿಸ್ಲೇ ಇಲ್ಲ..."

ಮಾತು ಅಲ್ಲಿಗೆ ನಿಂತಿತು. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ವಾರ ಕಳೆಯುವುದರೊಳಗೆ ಬೀದಿಯ ಅರ್ಧ ಮುದುಕಿಯರು ಊಟ ಮುಗಿಸಿ ಚಾಪೆ ಸುತ್ತಿಕೊಂಡು ನಮ್ಮ ಜಗಲಿಗೆ ಬರತೊಡಗಿದರು. ಕಾಳಿಯಪ್ಪನ ತಾಯಿ ಮಾತ್ರ, ಸ್ವಲ್ಪ ಬೇಗ ಇಡು ಕಣ್ಣು, ನಮ್ ತರಿ ಥರ, ಎಂದು ದಿನಾ ಕೇಳುವಳು. ಕಣ್ಣು ಎನ್ನುವುದು ನಮ್ಮ ಕಡೆ ಮುದ್ದಿನ ಕರೆ. ಅವಳೂ ನಮ್ಮ ಅಜ್ಜಿಯೂ ಆ ಗುಂಡಿಗಾಗಿ ಜಗಳವಾಡಿ, ಜಗಳದ ನಡುವೆಯೇ ಇಬ್ಬರೂ ಮಲಗಿಬಿಡುವರು.

ಪೆಟ್ಟಿಗೆಗೆ ಹಾರ್ಮೋನಿಯಂನಂತೆ ಒತ್ತಿ ನುಡಿಸುವ ಮನೆಗಳು ಇರಲಿಲ್ಲ. ಅದಕ್ಕೆ ಅಂಬಿ ಹುಡುಕಿದ ಉಪಾಯ ನಮ್ಮ ಮಗ್ಗದ್ದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ತಪ್ಪು ಇಲ್ಲಿಂದಲೇ ಹುಟ್ಟಿದ್ದು.

ನಮ್ಮ ಮಗ್ಗಗಳಲ್ಲಿ ಎರಡಕ್ಕೆ ಅಪ್ಪ ಕರೆಂಟ್ ಪಿನ್ ಹಾಕಿಸಿದ್ದರು. ಹಾಸಿನ ಒಂದೊಂದು ಎಳೆಯ ಮೇಲೂ ಒಂದೊಂದು ತೆಳುವಾದ ಉಕ್ಕಿನ ಪಿನ್ ಕೂತಿರುತ್ತದೆ. ಎಳೆ ಬಿಗಿಯಾಗಿರುವ ತನಕ ಅದು ಮೇಲೆಯೇ. ಎಳೆ ಕಡಿದರೆ ಪಿನ್ ಅಡಿಯ ಕಂಬಿಯ ಮೇಲೆ ಬೀಳುತ್ತದೆ, ಕರೆಂಟ್ ಹರಿದು ಮಗ್ಗ ನಿಲ್ಲುತ್ತದೆ. ಆದರೆ ಹತ್ತಿಯ ಧೂಳು ಕೂತರೂ, ಗಾಳಿ ಬೀಸಿದರೂ ಪಿನ್ ಸುಮ್ಮಸುಮ್ಮನೆ ತಾಗಿ ಮಗ್ಗ ನಿಂತುಬಿಡುತ್ತದೆ. ನೇಕಾರರಿಗೆ ನಿಂತ ಮಗ್ಗ ನೋಡಿದರೆ ಮೈಯುರಿ. ಅದಕ್ಕೆ ನಮ್ಮ ಕಡೆ ಎಲ್ಲರೂ ಮಾಡುವ ಒಂದು ಕಳ್ಳ ಉಪಾಯವಿದೆ. ನೂಲಿನ ಪೆಟ್ಟಿಗೆಯ ರಟ್ಟನ್ನು, ನಮ್ಮ ಮಾತಿನಲ್ಲಿ ಅಟ್ಟೆಯನ್ನು, ಸಣ್ಣಗೆ ಹರಿದು ಪಿನ್ನಿಗೂ ಕಂಬಿಗೂ ನಡುವೆ ತೂರಿಸುವುದು. ಆಮೇಲೆ ಪಿನ್ ಬಿದ್ದರೂ ಕಂಬಿಗೆ ತಾಗುವುದಿಲ್ಲ, ಮಗ್ಗ ಓಡುತ್ತಲೇ ಇರುತ್ತದೆ. ಬಟ್ಟೆ ಸ್ವಲ್ಪ ಕೆಟ್ಟರೂ ಸರಿ. ನೂಲು ಕೊಡುವವರ ಕಡೆಯ ಆಳು ಬಂದು ಬಗ್ಗಿ ನೋಡಿದರೂ ರಟ್ಟು ಕಾಣಬಾರದು. ಹಾಗೆ ಕಾಣದಂತೆ ತೂರಿಸುವುದರಲ್ಲಿ ನಮ್ಮ ಬೀದಿಗೇ ನಾನು ಮೊದಲು.

ಅಂಬಿ ಅಪ್ಪನನ್ನು ಕಾಡಿ ಬೇಡಿ ಒಂದು ಸಾಲು ಪಿನ್ನನ್ನೂ ಕಂಬಿಯನ್ನೂ ಮಗ್ಗದಿಂದ ಬಿಚ್ಚಿಸಿಕೊಂಡು ಪೆಟ್ಟಿಗೆಗೆ ಕೂರಿಸಿದಳು. ಒಂದೊಂದು ಪಿನ್ನಿಗೂ ದಾರ ಕಟ್ಟಿದಳು. ಅವಳ ಪೆಟ್ಟಿಗೆಯಲ್ಲಿ ಲೆಕ್ಕ ತಿರುಗಾಮುರುಗಾ. ದಾರ ಸಡಿಲ ಬಿಟ್ಟರೆ ಪಿನ್ ಕಂಬಿಗೆ ತಾಗಿ ಗೇಟು ತೆರೆಯುತ್ತದೆ, ಸದ್ದು ಹೊರಬರುತ್ತದೆ. ಎಳೆದರೆ ಪಿನ್ ಎದ್ದು ಗೇಟು ಮುಚ್ಚಿ ಸದ್ದು ನಿಲ್ಲುತ್ತದೆ. ಬೆರಳುಗಳಿಗೆ ದಾರ ಸುತ್ತಿಕೊಂಡು ಅವಳು ನುಡಿಸುವುದನ್ನು ನೋಡಿದರೆ ಗೊಂಬೆಯಾಟದವಳ ಹಾಗಿದ್ದಳು.

ಅದರ ವಿಡಿಯೊ ನೋಡಿ ವಿಕ್ಟರ್ ಸಾರ್ ಎಂಬವರು ಅವಳಿಗೆ ಫೋನ್ ಮಾಡಿದರು. ಪೀಳಮೇಡಿನಲ್ಲಿ ಇಂಥ ಪೆಟ್ಟಿಗೆಗಳನ್ನು ಮಾಡುವ ವರ್ಕ್‌ಶಾಪ್ ಅವರದು. ಭಾನುವಾರ ಬಂದು ನೋಡುತ್ತೇನೆ, ಸರಿ ಅನ್ನಿಸಿದರೆ ಕೆಲಸಕ್ಕೆ ಸೇರಿಕೋ ಅಂದರು. ಅಪ್ಪ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸಕ್ಕೆ ಮಾತಾಡಿಟ್ಟಿದ್ದರು. ಭಾನುವಾರ ಪೆಟ್ಟಿಗೆ ಹಾಡಿದರೆ ಪೀಳಮೇಡು, ಹಾಡದಿದ್ದರೆ ಬನಿಯನ್ನು. ಅಪ್ಪನಿಗೂ ಮಗಳಿಗೂ ಅಷ್ಟು ಒಪ್ಪಂದವಾಗಿತ್ತು.

ಆ ವಾರ ಅವಳು ಒಳಗಿನ ತಂತಿಗಳನ್ನೆಲ್ಲ ಬದಲಿಸಿದಳು. "ಎಲ್ಲಾ ಸದ್ದನ್ನೂ ಒಂದೇ ಬಾಗ್ಲಿಂದ ಬಿಡ್ತೀನಿ ಅಕ್ಕಾ. ಪಿನ್ ಬಿದ್ರೆ ತರಿ, ಪಾಟು ಎಲ್ಲಾ ಕೇಳಿಸ್ಬೇಕು. ಎದ್ರೆ ಏನೂ ಕೇಳಿಸ್ಬಾರ್ದು. ಸಾರ್ ಅಲ್ಲೇ ಬಿದ್ದೋಗ್ಬೇಕು."

ಭಾನುವಾರ ಬೆಳಿಗ್ಗೆ ಅವರನ್ನು ಕರೆತರಲು ಬಸ್ ಸ್ಟಾಪಿಗೆ ಹೊರಟವಳು, "ಅಕ್ಕಾ, ಧೂಳು ಒರೆಸಿಡು. ಬೇರೆ ಏನೂ ಮುಟ್ಬೇಡ," ಎಂದು ಹೇಳಿ ಹೋದಳು. ಸ್ವಿಚ್ ಹಾಕಿಯೇ ಇತ್ತು, ದಾರಗಳನ್ನು ಎಳೆದು ಮೊಳೆಗೆ ಸಿಕ್ಕಿಸಿದ್ದಳು. ನಾನು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದೆ. ಕಿಟಕಿಯಿಂದ ಗಾಳಿ ನುಗ್ಗಿ ದಾರಗಳು ಅಲ್ಲಾಡಿದವು, ಪಿನ್ನುಗಳು ಟಣ್ ಟಣ್ ಎಂದು ಕಂಬಿಯ ಮೇಲೆ ಬಿದ್ದವು, ಪೆಟ್ಟಿಗೆ ಊಂ ಎಂದು ನರಳಿತು. ನಾನು ಬೆಚ್ಚಿದೆ. ಮತ್ತೆ ಗಾಳಿ, ಮತ್ತೆ ಟಣ್. ದೊಡ್ಡವರು ಮನೆಗೆ ಬರುವ ಹೊತ್ತು, ಪಿನ್ ಬೀಳುತ್ತಿದೆ. ಪಿನ್ ಬೀಳಬಾರದು, ಬಿದ್ದರೆ ನಿಂತುಹೋಗುತ್ತದೆ. ನನ್ನ ತಲೆಗೆ ಗೊತ್ತಿತ್ತು, ಇದು ಮಗ್ಗವಲ್ಲ ಎಂದು. ಅಂಬಿ ಹತ್ತಾರು ಸಲ ಹೇಳಿದ್ದಳು. ಆದರೆ ಕೈಗೆ ಯಾರೂ ಹೇಳಿರಲಿಲ್ಲ. ಅದು ಮೂಲೆಯಲ್ಲಿದ್ದ ನೂಲಿನ ಪೆಟ್ಟಿಗೆಯ ಮುಚ್ಚಳದ ಕಿವಿ ಹರಿದು, ಪಿನ್ನುಗಳ ಅಡಿಗೆ ನೀಟಾಗಿ ತೂರಿಸಿತು. ಪೆಟ್ಟಿಗೆ ಸುಮ್ಮನಾಯಿತು. ನನಗೆ ಸಮಾಧಾನವಾಯಿತು. ಟೀಗೆ ಹಾಲಿಡಲು ಒಳಗೆ ಹೋದೆ, ಅದನ್ನು ಅಲ್ಲೇ ಮರೆತೆ.

ವಿಕ್ಟರ್ ಸಾರ್ ನರೆತ ಗಡ್ಡದ ಮೆತ್ತನೆಯ ಮನುಷ್ಯ. ಚಾಪೆಯ ಮೇಲೆಯೇ ಕೂತರು. ಅಂಬಿ ಬೆರಳಿಗೆ ದಾರ ಸುತ್ತಿಕೊಂಡು, ಉಸಿರು ಹಿಡಿದು, ಸಡಿಲ ಬಿಟ್ಟಳು.

ಏನೂ ಇಲ್ಲ.

ಇನ್ನೊಂದು ಬೆರಳು. ಏನೂ ಇಲ್ಲ. ಗುಂಡಿ ತಿರುಗಿಸಿದಳು, ತಂತಿ ಕಿತ್ತು ಚುಚ್ಚಿದಳು, ಪೆಟ್ಟಿಗೆಯ ಹಿಂಭಾಗ ಬಿಚ್ಚಿ ಹಿಂದಿನ ದಿನ ತಾನೇ ಹಾಕಿದ ಬೆಸುಗೆಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಪಿನ್ನುಗಳನ್ನು ಮಾತ್ರ ನೋಡಲಿಲ್ಲ. ಮಗ್ಗದ ಪಿನ್ ಯಾವತ್ತಾದರೂ ಕೆಡುತ್ತದೆಯೇ? ಕೆಟ್ಟಿದ್ದರೆ ತನ್ನ ಕೆಲಸವೇ ಕೆಟ್ಟಿರಬೇಕು. ಅವಳ ಕುತ್ತಿಗೆ ಬೆವರಿತ್ತು.

"ಮನೇಲಿ ಊರಿಗೆಲ್ಲ ಕೇಳೋ ಹಂಗೆ ಕೂಗೋ ಮಗು, ನೆಂಟರ ಮುಂದೆ ಬಾಯಿ ಬಿಡಲ್ಲ," ಎಂದಳು ಅಜ್ಜಿ.

ವಿಕ್ಟರ್ ಸಾರ್ ನಕ್ಕರು. ಟೀ ಕುಡಿದರು. "ಪರವಾಗಿಲ್ಲಮ್ಮ. ಸರಿಯಾದ ಮೇಲೆ ಒಂದು ದಿನ ತಗೊಂಡು ಬಾ," ಎಂದು ತಮಿಳಿನಲ್ಲಿ ಹೇಳಿ ಹೋದರು. ಅಂಬಿ ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕಿ ಬಟ್ಟೆ ಮುಚ್ಚಿದಳು.

ಸಂಜೆ ಕಸ ಗುಡಿಸುವಾಗ ಕಿವಿ ಹರಿದ ನೂಲಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಪೊರಕೆ ಹಿಡಿದು ಹಾಗೇ ನಿಂತೆ. ಎರಡು ಹೆಜ್ಜೆ ಆಚೆಗೆ ಅಂಬಿ ಗೋಡೆಗೊರಗಿ ಕೂತಿದ್ದಳು. "ನನ್ ಕೈಯೇ ಸರಿ ಇಲ್ಲ ಅಕ್ಕಾ," ಅಂದಳು.

ಆಗ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ನಾನು ಪೊರಕೆ ಇಟ್ಟು ಅವಳ ಪಕ್ಕ ಕೂತು ತಲೆ ಸವರಿದೆ. "ಹೋಗ್ಲಿ ಬಿಡು ಕಣ್ಣು," ಅಂದೆ. ಅವಳು ನನ್ನ ತೊಡೆಯ ಮೇಲೆ ಮಲಗಿದಳು, ಸಣ್ಣವಳಿದ್ದಾಗ ಮಲಗುತ್ತಿದ್ದ ಹಾಗೆ. ಸುಳ್ಳು ಯಾಕೆ ಬರೆಯಲಿ, ನನಗೆ ಅದು ಇಷ್ಟವಾಯಿತು. ಪೀಳಮೇಡಿಗೆ ಹೋದರೆ ಇವಳು ನನಗೆ ಗೊತ್ತಿಲ್ಲದ ಮಾತಿನ ಲೋಕಕ್ಕೆ ಹೋಗಿಬಿಡುತ್ತಾಳೆ. ಬನಿಯನ್ ಕಂಪನಿ ನನಗೆ ಗೊತ್ತಿರುವ ಜಾಗ. ಪೂರ್ತಿ ಹೀಗೇ ಯೋಚಿಸಿದೆ ಎಂದಲ್ಲ. ಆದರೆ ಬಾಯಿ ತೆರೆಯದೆ ಇದ್ದುದಕ್ಕೆ ಬೇರೆ ಕಾರಣ ಹುಡುಕಿದರೆ ಸಿಗುವುದಿಲ್ಲ.

ಆಡಿ ಹದಿನೆಂಟರ ಹಬ್ಬ ಬಂತು. ನಿಂಬೆಹಣ್ಣಿನ ಅನ್ನ, ಹುಣಸೆ ಅನ್ನ, ತೆಂಗಿನಕಾಯಿ ಅನ್ನ ಕಲಸಿದೆ. ಅಂಬಿ ಎಲ್ಲವನ್ನೂ ಒಂದೊಂದು ತುತ್ತು ತಿಂದು ಎದ್ದಳು. ಅಜ್ಜಿ ಮತ್ತೆ ನಿದ್ದೆಯಿಲ್ಲದೆ ಹೊರಳತೊಡಗಿದ್ದಳು. ಜಗಲಿಗೆ ಬಂದ ಮುದುಕಿಯರು ಚಾಪೆ ಸುತ್ತಿಕೊಂಡು ವಾಪಸು ಹೋದರು. ಅದೇ ವಾರ ಮಾತುಕತೆ ಮುಗಿಯಿತು, ಮಗ್ಗ ಓಡಿಸಬಹುದು ಎಂದು ಸುದ್ದಿ ಬಂತು. ಬೀದಿಯೆಲ್ಲ ಎಣ್ಣೆ ಕ್ಯಾನು ಹಿಡಿದು ಓಡಾಡಿತು.

"ಅಕ್ಕಾ, ಆ ಪಿನ್ ಬಿಚ್ಚಿ ತರಿಗೆ ವಾಪಸ್ ಹಾಕ್ಬಿಡು," ಅಂಬಿ ಅಡುಗೆಮನೆಯಿಂದ ಹೇಳಿದಳು. "ಸೋಮವಾರ ನಾನು ತಿರುಪ್ಪೂರಿಗೆ ಹೋಗ್ತೀನಿ ಅಂತ ಅಪ್ಪಂಗೆ ಹೇಳಿದ್ದಾಯ್ತು."

ಸ್ಪಷ್ಟವಾಗಿ, ನಿಧಾನವಾಗಿ ಹೇಳಿದಳು. ಅಳು ಇರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಸ್ವಿಚ್ ಹಾಕಿ, ಪಿನ್ನುಗಳ ಅಡಿಯಿಂದ ರಟ್ಟನ್ನು ಎಳೆದೆ. ಪಿನ್ನುಗಳೆಲ್ಲ ಒಟ್ಟಿಗೆ ಕಂಬಿಯ ಮೇಲೆ ಬಿದ್ದವು. ಪೆಟ್ಟಿಗೆ ಬಾಯಿ ಬಿಟ್ಟು ಊಂ ಎಂದಿತು, ಅದರ ಹಿಂದೆಯೇ ಮಗ್ಗದ ಟಕಟಕ ಮನೆ ತುಂಬಿತು. ಜಗಲಿಯಿಂದ ಅಜ್ಜಿ, "ಬಂತಾ?" ಅಂದಳು. ಅಂಬಿ ಒದ್ದೆ ಕೈಯಲ್ಲಿ ಓಡಿ ಬಂದಳು. ರಟ್ಟಿನ ಚೂರು ನನ್ನ ಸೊಂಟದ ಮಡಿಕೆಗೆ ಸೇರಿತ್ತು.

"ಏನ್ ಮಾಡ್ದೆ?"

"ಏನೂ ಇಲ್ಲ. ಮುಟ್ದೆ."

ಅವಳ ಮುಖ ಅರಳಿತು, ಹಾಗೇ ಮುದುಡಿತು. "ಬೇಡ ಅಕ್ಕಾ. ಇಷ್ಟ ಬಂದಾಗ ಹಾಡಿ, ಇಷ್ಟ ಬಂದಾಗ ಸಾಯೋ ಮಿಷನ್ ಯಾರಿಗೂ ಬೇಡ. ಸತ್ತಿದ್ರೇ ವಾಸಿ ಇತ್ತು."

ಆಗ ನನ್ನ ತಪ್ಪಿನ ಅಳತೆ ಗೊತ್ತಾಯಿತು. ಪೆಟ್ಟಿಗೆಯ ಬಾಯನ್ನಲ್ಲ, ಅವಳ ಕೈಯ ಧೈರ್ಯವನ್ನು ನಾನು ಕಟ್ಟಿಹಾಕಿದ್ದೆ. ಆದರೂ ನಿಜ ಹೇಳಲಿಲ್ಲ. "ಚಪ್ಪಲಿ ಹಾಕ್ಕೋ, ಪೀಳಮೇಡಿಗೆ ಹೋಗೋಣ," ಅಂದೆ. "ನಾನ್ ಹಿಡ್ಕೊಳ್ತೀನಿ. ನನ್ ಮಡಿಲಲ್ಲಿ ಇದು ನಿಲ್ಲಲ್ಲ."

"ನಿಂಗೇನ್ ಗೊತ್ತು?"

"ಗೊತ್ತು."

ಅವಳು ಒಂದು ಷರತ್ತು ಹಾಕಿದಳು. "ಬ್ಯಾಟ್ರಿ ಹಾಕಿ ಆನ್ ಮಾಡೇ ಇಡ್ತೀನಿ. ದಾರೀಲಿ ನಿಂತೋದ್ರೆ ಅಲ್ಲೇ ಇಳಿದು ವಾಪಸ್."

ಕೊಯಮತ್ತೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅಂಬಿ ದಾರಗಳನ್ನು ಬಿಗಿಯಾಗಿ ಹಿಡಿದಿದ್ದಳು. ಮೊದಲ ಗುಂಡಿಗೆ ಚಕ್ರ ಇಳಿಯಿತು, ದಾರ ಸಡಿಲಿತು, ಪಿನ್ ಬಿತ್ತು, ಪೆಟ್ಟಿಗೆ ಕೂಗಿತು. ಬಸ್ಸೆಲ್ಲ ತಿರುಗಿ ನೋಡಿತು.

"ಏನುಂಗಕ್ಕಾ, ಕೋಳಿಯಾ?" ಕಂಡಕ್ಟರ್ ಬಗ್ಗಿದ. "ಕೋಳಿಗೆ ಲಗೇಜು ಟಿಕೆಟ್ ತಗೋಬೇಕು."

"ಕೋಳಿ ಅಲ್ಲಂಗ. ನನ್ ತಂಗಿ ಮಾಡಿದ ಮಿಷನ್ನು."

"ಮೊಟ್ಟೆ ಇಡ್ತದಾ?"

ಇನ್ನೊಂದು ಗುಂಡಿ. ಈ ಸಲ ಮೇಲಿನ ಸ್ವರ, ಹಿಂದೆ ಮಗ್ಗದ ನಾಲ್ಕು ಬಡಿತ. ಹಿಂದಿನ ಸೀಟಿನ ಮುದುಕಿ, "ಕೂಸು ಅಳ್ತದೆ, ತಟ್ಟು ತಾಯಿ," ಅಂದಳು. ನಾನು ಗಾಬರಿಯಲ್ಲಿ ನಿಜವಾಗಿಯೂ ತಟ್ಟಿದೆ. ಪಿನ್ನುಗಳೆಲ್ಲ ಬಿದ್ದು ಅದು ಇನ್ನಷ್ಟು ಜೋರಾಗಿ ಅತ್ತಿತು. ಜನ ನಕ್ಕರು. ನೀಲಂಬೂರು ದಾಟಿ ರಸ್ತೆ ಸಪಾಟಾದಾಗ ಯಾರೋ, "ಎಲ್ಲಿ, ಪಾಟು ನಿಂತೋಯ್ತು?" ಅಂದರು, ಡ್ರೈವರ್ ಬೇಕೆಂದೇ ಪಕ್ಕದ ಮಣ್ಣಿಗೆ ಚಕ್ರ ಇಳಿಸಿದ. ಪೆಟ್ಟಿಗೆ ಹಾಡಿತು, ಬಸ್ಸು ಚಪ್ಪಾಳೆ ತಟ್ಟಿತು. ಕಿಟಕಿಯ ಗಾಳಿಗೆ ಅಂಬಿಯ ಕೂದಲು ಬಾಯಿಗೆ ಬರುತ್ತಿತ್ತು, ಅವಳು ಅದನ್ನು ಉಗುಳಿ ಉಗುಳಿ ನಗುತ್ತಿದ್ದಳು. ಒಂದೊಂದು ಗುಂಡಿಯಲ್ಲೂ ಅವಳ ಮುಖ, ನಿಂತಿಲ್ಲ, ಇನ್ನೂ ನಿಂತಿಲ್ಲ, ಎನ್ನುತ್ತಿತ್ತು.

ರಟ್ಟಿನ ಚೂರು ಸೊಂಟದಲ್ಲೇ ಇತ್ತು. ತೂರಿಸಿದ್ದರೆ ನಮ್ಮ ಮರ್ಯಾದೆ ಉಳಿಯುತ್ತಿತ್ತು. ತೂರಿಸಲಿಲ್ಲ. ದಾರಿಯುದ್ದಕ್ಕೂ ಕೂಗಲಿ ಎಂದು ಬಿಟ್ಟೆ.

ವಿಕ್ಟರ್ ಸಾರ್ ಮೇಜಿನ ಮೇಲಿದ್ದುದನ್ನೆಲ್ಲ ತಳ್ಳಿ ಜಾಗ ಮಾಡಿದರು. ಅಂಬಿ ಬೆರಳಿಗೆ ದಾರ ಸುತ್ತಿಕೊಂಡಳು. ಅಜ್ಜಿಗೆ ಜೋಗುಳವಾಗಿದ್ದ ನಮ್ಮ ಮಗ್ಗದ ನಡೆ, ಬಲಗಡೆ ಸ್ವಲ್ಪ ಜೋರು. ಅದರ ಮೇಲೆ ಒಂದೊಂದಾಗಿ ಸ್ವರ ತೆರೆದು, ಹಿಡಿದು, ಮುಚ್ಚಿದಳು. ಎಲ್ಲ ದಾರ ಎಳೆದಾಗ ಫ್ಯಾನಿನ ಸದ್ದು ಕೇಳುವಷ್ಟು ಮೌನ. ಬಿಟ್ಟಾಗ ನಮ್ಮ ಬೀದಿಯೇ ಆ ಕೋಣೆಗೆ ಬಂತು. ವಿಕ್ಟರ್ ಸಾರ್ ಬಗ್ಗಿ ಪಿನ್ನುಗಳನ್ನು ನೋಡಿದರು.

"ಇದು ಎಲ್ಲಿಯದಮ್ಮ?"

"ನಮ್ ತರಿದು ಸಾರ್. ನಾಳೆ ವಾಪಸ್ ಹಾಕ್ಬೇಕು."

"ಹಾಕು. ಇಲ್ಲಿ ಬೇರೆ ಮಾಡಿಕೊಳ್ಳೋಣ." ಅಷ್ಟರಲ್ಲೇ ಕೆಲಸದ ಮಾತು ಮುಗಿದಿತ್ತು. "ಅವತ್ತು ಏನಾಗಿತ್ತು?"

ಅಂಬಿ ನನ್ನ ಕಡೆ ನೋಡಿದಳು. "ಗೊತ್ತಿಲ್ಲ ಸಾರ್. ನಮ್ಮಕ್ಕ ಮುಟ್ಟಿದ್ರೆ ಹಾಡ್ತದೆ."

"ಹಾಗಾದ್ರೆ ಅಕ್ಕನ್ನೂ ಆಗಾಗ ಕರ್ಕೊಂಡು ಬಾ."

ಅವರು ನಕ್ಕರು. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ.

ಮರುದಿನ ಪಿನ್ನುಗಳು ಮಗ್ಗಕ್ಕೆ ಹೋದವು, ಬೀದಿಗೆ ಸದ್ದು ಬಂತು, ಎಲ್ಲರೂ ಮತ್ತೆ ಅರಚತೊಡಗಿದರು. ಅಂಬಿ ದಿನಾ ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಬಸ್ಸಿಗೆ ಓಡಿದಳು. ನಾನು ಮದುವೆಯಾಗಿ ಅವಿನಾಶಿಗೆ ಬಂದೆ. ಕೊಳ್ಳೇಗಾಲದಿಂದ ಬಂದ ನನ್ನ ಅತ್ತೆ, ಆಡುವ ಭಾಷೆ ಬರೆಯಲು ಬರದಿದ್ದರೆ ಹೇಗೆ ಎಂದು ಬೈದು ಕನ್ನಡ ಅಕ್ಷರ ಕಲಿಸಿದರು. ಅಜ್ಜಿ ಒಂದು ಮಧ್ಯಾಹ್ನ, ಮಗ್ಗ ಓಡುತ್ತಿರುವಾಗಲೇ, ಮಲಗಿದವಳು ಏಳಲಿಲ್ಲ. ಅಕ್ಕನ ಕೈಯ ಕಥೆ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ವರ್ಕ್‌ಶಾಪಿಗೆ ಹೊಸದಾಗಿ ಬಂದವರಿಗೂ ಅಂಬಿ ಅದನ್ನು ಹೇಳುತ್ತಾಳೆ.

ಫೋನ್ ರಿಪೇರಿಯಾಯಿತು. ಪೀಳಮೇಡಿಗೆ ಹೋದೆ. ಹೊಸ ಪೆಟ್ಟಿಗೆ ಮೇಜಿನ ಮೇಲಿತ್ತು, ಮೂಲೆಗೆ ಕುಂಕುಮ. ಪಕ್ಕದಲ್ಲಿ ಬೋಂಡಾದ ಪೊಟ್ಟಣ. ಅಂಬಿ ಸಿಡಿಮಿಡಿಗೊಂಡಿದ್ದಳು. ಈಗಲೂ ಅವಳು ಪೆಟ್ಟಿಗೆಗೆ ಪಿನ್ನನ್ನೇ ಹಾಕುತ್ತಾಳೆ. ಕೊರಿಯರ್ ವ್ಯಾನಿನ ಕುಲುಕಾಟಕ್ಕೆ ಪಿನ್ ಕಂಬಿಗೆ ತಾಗಿ ಆನ್ ಆಗಿ, ಪೆಟ್ಟಿಗೆಗಳು ಕಟ್ಟಿನೊಳಗೇ ಹಾಡುತ್ತಾ ಹೋಗಿ, ಊರು ಮುಟ್ಟುವಾಗ ಬ್ಯಾಟರಿ ಸತ್ತಿರುತ್ತದಂತೆ. "ಬಾ ಅಕ್ಕಾ, ಮೊದ್ಲು ಇದನ್ನ ಮುಟ್ಟು."

ನಾನು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. ಹೇಳಿದೆ. ಕಿಟಕಿ, ಗಾಳಿ, ನೂಲಿನ ಪೆಟ್ಟಿಗೆಯ ಕಿವಿ, ತೊಡೆಯ ಮೇಲೆ ಅವಳ ತಲೆ, ಅದು ನನಗೆ ಇಷ್ಟವಾದದ್ದು, ಎಲ್ಲವನ್ನೂ.

ಅವಳು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟಳು. ಕಡ್ಡಿಯ ತುದಿಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು.

"ಇವತ್ತಿಗೂ ನಾನು ಒಂದೊಂದು ಬೆಸುಗೆನೂ ಎರಡೆರಡು ಸಲ ನೋಡ್ತೀನಿ, ಗೊತ್ತಾ?" ಅಂದಳು. "ಭಯ ಅಕ್ಕಾ. ಅವತ್ತಿಂದ ಹೋಗಿಲ್ಲ."

"ಗೊತ್ತಿರ್ಲಿಲ್ಲ."

"ಅಜ್ಜಿ ಸರಿಯಾಗೇ ಹೇಳಿದ್ಲು. ಹಿಡ್ಕೊಂಡಿದ್ದು ಬಿಡೋಳಲ್ಲ ಅಂತ. ಇಷ್ಟು ವರ್ಷ ಹಿಡ್ಕೊಂಡಿದ್ಯಲ್ಲ." ಅವಳು ಮುಖ ಆ ಕಡೆಗೆ ತಿರುಗಿಸಿದಳು. ಅಳುತ್ತಾಳೆ ಅಂದುಕೊಂಡೆ. ಭುಜ ಅಲ್ಲಾಡಿತು. ತಿರುಗಿದಾಗ ನಗು ಹಿಡಿಯಲಾರದೆ ಕೆಂಪಾಗಿದ್ದಳು. "ಹಂಗಾದ್ರೆ ಇಷ್ಟು ವರ್ಷ ಬೋಂಡಾ ತಿಂದಿದ್ದು ಸುಮ್ನೆನಾ?"

"ಸುಮ್ನೆ."

"ಬಸ್ಸಲ್ಲಿ ಮಗೂನ ತಟ್ಟಿದ್ದು?"

"ಅದು ನಿಜ."

ಅಷ್ಟರಲ್ಲಿ ಯಾರೋ ಮೂಲೆಯ ಕಟ್ಟೊಂದನ್ನು ಸರಿಸಿದರು. ಒಳಗಿನ ಪೆಟ್ಟಿಗೆ ಊಂ ಎಂದಿತು. ಅಂಬಿ ಅದರ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಎದ್ದು ಹೋಗಿ ಖಾಲಿ ರಟ್ಟಿನ ಡಬ್ಬವೊಂದರ ಕಿವಿ ಹರಿದು ತಂದು ನನ್ನ ಮುಂದೆ ಹಿಡಿದಳು. ಕಟ್ಟು ಬಿಚ್ಚಿದಳು.

"ಇಡು ಅಟ್ಟೆ. ಕಾಣ್ಬಾರ್ದು."

ರಟ್ಟನ್ನು ಸಣ್ಣಗೆ ಹರಿದು ತೂರಿಸಿದೆ. ಕೈ ಮರೆತಿರಲಿಲ್ಲ. ಅಂಬಿ ಪೆಟ್ಟಿಗೆಯನ್ನು ಎತ್ತಿ ಕುಲುಕಿದಳು, ಬೋರಲು ಹಿಡಿದಳು, ಕಿವಿಯ ಹತ್ತಿರ ತಂದು ತಟ್ಟಿದಳು. ಸದ್ದಿಲ್ಲ.

"ಮೇಲೆ ಚೀಟಿ ಅಂಟಿಸ್ತೀನಿ, ನುಡಿಸೋ ಮೊದ್ಲು ಅಟ್ಟೆ ತೆಗೀರಿ ಅಂತ," ಅಂದಳು. "ಇಲ್ದಿದ್ರೆ ಅವರೂ ಮುಟ್ಸೋದಕ್ಕೆ ಅಕ್ಕನ್ನ ಹುಡುಕ್ಬೇಕಾಗ್ತದೆ." ಆಮೇಲೆ ಮೂಲೆಯಲ್ಲಿ ಪೇರಿಸಿದ್ದ ಕಟ್ಟುಗಳನ್ನು ತೋರಿಸಿದಳು. "ಕೂತ್ಕೋ. ಎಲ್ಲಾದಕ್ಕೂ ಇಟ್ಟು ಮುಗಿಸು. ಬೋಂಡಾ ಆಮೇಲೆ."

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಮುಗಿಸುವ ಹೊತ್ತಿಗೆ ಬೋಂಡಾ ಆರಿ ಕಲ್ಲಾಗಿತ್ತು. ಎರಡು ತಿಂದೆ.